ನಿಮಗಿದು ಗೊತ್ತೇ? ಕರೆಂಟಿನ ನಕ್ಷೆಗೆ ಯಾವ ಸಾಫ್ಟ್‌ವೇರ್

ನಾಗಝರಿಯ ಇಡೀ ವಿದ್ಯುದಾಗಾರವನ್ನು ಒಂದೇ ಹಾಳೆಯ ಮೇಲೆ ತೋರಿಸಬಹುದು, ಗೊತ್ತೇ? ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಕಾಳಿ ನದಿಯನ್ನು ತಡೆದಿದೆ. ಅಲ್ಲಿಂದ ಬಿಟ್ಟ ನೀರು ಬೊಮ್ಮನಹಳ್ಳಿಯಲ್ಲಿ ಮತ್ತೆ ನಿಂತು, ಅಂಬಿಕಾನಗರದ ಕೆಳಗಿನ ಕಣಿವೆಗೆ ಧುಮುಕಿ ನಾಗಝರಿಯ 6 ಘಟಕಗಳನ್ನು ತಿರುಗಿಸುತ್ತದೆ. ಜನರೇಟರು, ಟ್ರಾನ್ಸ್‌ಫಾರ್ಮರು, ಬ್ರೇಕರು, ಬಸ್‌ಬಾರು, ಹೊರಹೋಗುವ ಲೈನು ಎಲ್ಲವೂ ಒಂದು ಹಾಳೆಯಲ್ಲಿ ಕೂರುವುದಕ್ಕೆ ಕಾರಣ, ಅಲ್ಲಿ ಮೂರು ಫೇಸಿಗೆ ಎಳೆಯುವುದು ಒಂದೇ ಗೆರೆ. ಸಿಂಗಲ್ ಲೈನ್ ಡಯಾಗ್ರಾಂ ಅಂದರೆ ಅಷ್ಟೇ.

ಅದೇ ಕರೆಂಟು ಗ್ರಿಡ್ಡು, ಸಬ್‌ಸ್ಟೇಷನ್ನು, ಟಿಸಿ ದಾಟಿ ಹಳಿಯಾಳದ ಕಬ್ಬಿನ ಗದ್ದೆಯ ಪಂಪ್‌ಸೆಟ್ಟಿಗೆ ಬಂದಾಗ ಆ ಒಂದು ಗೆರೆ ಸಾಲದು. ಸ್ಟಾರ್-ಡೆಲ್ಟಾ ಸ್ಟಾರ್ಟರಿನಿಂದ ಮೋಟಾರಿಗೆ ಹೋಗುವುದು ಆರು ತಂತಿ. ಒಳಗೆ ಮೂರು ಕಾಂಟ್ಯಾಕ್ಟರು: ಮೇನ್, ಸ್ಟಾರ್, ಡೆಲ್ಟಾ. ಸ್ಟಾರ್‌ನಲ್ಲಿ ಶುರುವಾದರೆ ಲೈನಿನಿಂದ ಎಳೆಯುವ ಕರೆಂಟು ನೇರ ಡೆಲ್ಟಾದಲ್ಲಿ ಎಳೆಯುವುದರ ಮೂರನೆಯ ಒಂದು ಪಾಲು. ಸ್ಟಾರ್ ಮತ್ತು ಡೆಲ್ಟಾ ಒಟ್ಟಿಗೆ ಕೂಡಿದರೆ ಮೂರೂ ಫೇಸು ಶಾರ್ಟ್ ಆಗುತ್ತವೆ. ಅದಕ್ಕೇ ಒಂದರ ಕಾಯಿಲ್ ದಾರಿಯಲ್ಲಿ ಇನ್ನೊಂದರ ಎನ್‌ಸಿ (ಸಾಮಾನ್ಯವಾಗಿ ಕೂಡಿರುವ) ಕಾಂಟ್ಯಾಕ್ಟು ಹಾಕುವುದು, ಅದೇ ಇಂಟರ್‌ಲಾಕ್. ಇದನ್ನು ಸಿಂಗಲ್ ಲೈನಿನಲ್ಲಿ ತೋರಿಸಲು ಆಗದು. ಪವರ್ ಸರ್ಕ್ಯೂಟ್ ಬೇರೆ ಹಾಳೆ, ಕಂಟ್ರೋಲ್ ಸರ್ಕ್ಯೂಟ್ ಬೇರೆ ಹಾಳೆ ಬೇಕು.

ಸಾಫ್ಟ್‌ವೇರ್ ಯಾವುದು ಒಳ್ಳೆಯದು ಎಂದು ಐಟಿಐ ಹುಡುಗರು ಕೇಳುತ್ತಲೇ ಇರುತ್ತಾರೆ. ಅದಕ್ಕಿಂತ ಮೊದಲು ತಿಳಿಯಬೇಕಾದ್ದು ಬೇರೆ: ಈ ನಕ್ಷೆಯನ್ನು ನಾಳೆ ಕೈಗೆತ್ತಿಕೊಳ್ಳುವವರು ಯಾರು? ಸುಟ್ಟ ಪ್ಯಾನೆಲ್ ತೆರೆದು ನಿಂತ ಎಲೆಕ್ಟ್ರಿಷಿಯನ್ನೇ, ಅನುಮೋದನೆ ಕೊಡುವ ಅಧಿಕಾರಿಯೇ, ಬೋರ್ಡು ತಯಾರಿಸುವ ಕಾರ್ಖಾನೆಯೇ? ಉತ್ತರ ಸಿಕ್ಕರೆ ಸಾಫ್ಟ್‌ವೇರ್ ಹೆಚ್ಚೂ ಕಡಿಮೆ ತಾನಾಗಿಯೇ ಗೊತ್ತಾಗುತ್ತದೆ.

ಗ್ರಿಡ್ಡಿನ ಲೆಕ್ಕಕ್ಕೆ ಬೆಂಗಳೂರಿನಲ್ಲೇ ತಯಾರಾದ ಸಾಫ್ಟ್‌ವೇರ್ ಇದೆ, ಗೊತ್ತೇ? ಹೆಸರು ಮಿಪವರ್. ಪವರ್ ರಿಸರ್ಚ್ ಆಂಡ್ ಡೆವಲಪ್‌ಮೆಂಟ್ ಕನ್ಸಲ್ಟೆಂಟ್ಸ್ ಎಂಬ ಬೆಂಗಳೂರಿನ ಸಂಸ್ಥೆಯದು. ಸಿಂಗಲ್ ಲೈನ್ ಡಯಾಗ್ರಾಂ ಬರೆದು ಅದರ ಮೇಲೆಯೇ ಲೋಡ್ ಫ್ಲೋ, ಶಾರ್ಟ್ ಸರ್ಕ್ಯೂಟ್ ಲೆಕ್ಕ ಮಾಡಿಸಬಹುದು. ಮನೆಯ ವೈರಿಂಗಿಗೆ ಇದು ಬೇಡವೇ ಬೇಡ.

ಕಂಪ್ಯೂಟರಿನಲ್ಲಿ ಸರ್ಕ್ಯೂಟ್ ಬರೆದು ಅರವತ್ತು ವರ್ಷ ದಾಟಿತು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲೆಂಡ್ ಡಾಕ್ಟರೇಟಿಗಾಗಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ಮಾಡಿದರು. ಬೆಳಕಿನ ಪೆನ್ನು ಹಿಡಿದು ಪರದೆಯ ಮೇಲೇ ಗೆರೆ ಎಳೆಯುವ ವ್ಯವಸ್ಥೆ ಅದು. ಅವರು ಮಾಡಿ ನೋಡಿದ ಚಿತ್ರಗಳಲ್ಲಿ ವಿದ್ಯುತ್ ಸರ್ಕ್ಯೂಟೂ ಒಂದು. ಬರೆದ ಚಿತ್ರದಿಂದ ಚಿತ್ರಕ್ಕಿಂತ ಹೆಚ್ಚಿನದೇನಾದರೂ ಸಿಗುವುದಾದರೆ ಮಾತ್ರ ಕಂಪ್ಯೂಟರಿನಲ್ಲಿ ಬರೆಯುವುದು ಸಾರ್ಥಕ ಎಂಬ ಅರ್ಥದ ಮಾತನ್ನು ಅವರು ಅದೇ ಪ್ರಬಂಧದಲ್ಲಿ ಬರೆದಿದ್ದಾರೆ. ನನಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಕ್ಕಿಲ್ಲ. ಬರೀ ಗೆರೆ ಬೇಕಿದ್ದರೆ ಪೆನ್ಸಿಲ್ಲು, ಸ್ಕೇಲು, ಗ್ರಾಫ್ ಹಾಳೆ ಸಾಕು.

ಹೆಚ್ಚಿನದು ಅಂದರೆ ಏನು? ಕೈಕ್ಯಾಡ್ ಎಂಬ ಉಚಿತ ಸಾಫ್ಟ್‌ವೇರ್ ತೆಗೆದುಕೊಳ್ಳಿ. ಅದರಲ್ಲಿ ಎಳೆದದ್ದು ಗೆರೆಯಾಗಿ ಉಳಿಯದೆ ಜೋಡಣೆಯಾಗಿ ದಾಖಲಾಗುತ್ತದೆ. ಯಾವ ಕಾಲಿಗೆ ಯಾವ ಕಾಲು ಸೇರಿದೆ ಎಂಬ ಪಟ್ಟಿ ಒಳಗೇ ತಯಾರಾಗುತ್ತದೆ. ಎಲ್ಲಿಯೂ ಸೇರದೆ ಬಿಟ್ಟ ಕಾಲು, ಎರಡು ಔಟ್‌ಪುಟ್ ಒಂದಕ್ಕೊಂದು ಸೇರಿದ ಜಾಗ ಇವನ್ನು ಒಂದು ಗುಂಡಿ ಒತ್ತಿದರೆ ಹುಡುಕಿ ತೋರಿಸುತ್ತದೆ. ಪೇಂಟಿನಲ್ಲೋ ವರ್ಡಿನಲ್ಲೋ ಬರೆದ ಚಿತ್ರಕ್ಕೆ ಈ ಬುದ್ಧಿ ಇಲ್ಲ.

ಕೈಕ್ಯಾಡ್ ಶುರುವಾದದ್ದು 1992ರಲ್ಲಿ, ಫ್ರಾನ್ಸಿನ ಗ್ರೆನೋಬಲ್ ಕಡೆಯ ಒಂದು ತಾಂತ್ರಿಕ ಸಂಸ್ಥೆಯಲ್ಲಿ ಕಲಿಸುತ್ತಿದ್ದ ಝಾನ್-ಪಿಯೆರ್ ಶಾರಾ ಅವರಿಂದ. ಕಣಗಳ ಸಂಶೋಧನೆಗೆ ಹೆಸರಾದ ಜಿನೀವಾದ ಸರ್ನ್ ಪ್ರಯೋಗಾಲಯ ಆಮೇಲೆ ಇದರ ಬೆಳವಣಿಗೆಗೆ ಕೈಜೋಡಿಸಿತು. ಅಲ್ಲಿನ ಎಂಜಿನಿಯರುಗಳು ಬಳಸುವ ಸಾಧನವೇ ಹಳಿಯಾಳದ ವಿಶ್ವನಾಥರಾವ್ ದೇಶಪಾಂಡೆ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗೂ ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತದೆ. ಕದ್ದ ಪ್ರತಿ ಹುಡುಕಿ ವೈರಸ್ ತಂದುಕೊಳ್ಳುವ ಗತಿ ಯಾವ ಹುಡುಗನಿಗೂ ಇಲ್ಲ ಎನ್ನುವುದನ್ನು ಮೇಷ್ಟ್ರುಗಳು ಮೊದಲನೆಯ ದಿನವೇ ಹೇಳಬೇಕು.

ಆದರೆ ಕೈಕ್ಯಾಡ್ ಎಲೆಕ್ಟ್ರಾನಿಕ್ ಬೋರ್ಡಿಗಾಗಿ ಹುಟ್ಟಿದ್ದು. ಸ್ಟಾರ್ಟರ್ ಪ್ಯಾನೆಲ್ಲಿಗೆ ಕ್ಯೂಎಲೆಕ್ಟ್ರೋಟೆಕ್ ನೋಡಿ. ಇದೂ ಉಚಿತ, ಇದೂ ಫ್ರೆಂಚರ ಕೈಯಲ್ಲಿ ಶುರುವಾದದ್ದೇ. ಕಾಂಟ್ಯಾಕ್ಟರು, ಓವರ್‌ಲೋಡ್ ರಿಲೇ, ಟೈಮರು, ಎಂಸಿಬಿ, ಪುಶ್ ಬಟನ್ ಎಲ್ಲದರ ಚಿಹ್ನೆಗಳೂ ಸಿದ್ಧವಾಗಿವೆ. ಮೊದಲ ಹಾಳೆಯಲ್ಲಿ ಕಾಯಿಲ್ ಇದ್ದು ನಾಲ್ಕನೆಯ ಹಾಳೆಯಲ್ಲಿ ಅದರ ಕಾಂಟ್ಯಾಕ್ಟ್ ಇದ್ದರೆ, ಎಲ್ಲಿದೆ ಎಂಬುದನ್ನು ಕಾಯಿಲಿನ ಕೆಳಗೇ ಬರೆದು ತೋರಿಸುತ್ತದೆ. ಪ್ಯಾನೆಲ್ ರಿಪೇರಿಗೆ ಬಂದವನಿಗೆ ಇದರ ಬೆಲೆ ಗೊತ್ತು. ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಸ್ಥಾಪನೆಯಾದದ್ದು 1955ರಲ್ಲಿ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ, ಆಟೋಡೆಸ್ಕ್ ಕಂಪನಿಯ ಆಟೋಕ್ಯಾಡ್ ಹುಟ್ಟಿದ್ದು 1982ರಲ್ಲಿ. ನಡುವಿನ ಕಾಲದಲ್ಲಿ ಕಾರ್ಖಾನೆ, ಅಣೆಕಟ್ಟು, ವಿದ್ಯುದಾಗಾರಗಳ ನಕ್ಷೆಗಳೆಲ್ಲ ಟ್ರೇಸಿಂಗ್ ಹಾಳೆಯ ಮೇಲೆ ಕೈಯಲ್ಲಿ ಬರೆದವು. ಆ ಕಾಲದ ಡ್ರಾಫ್ಟ್ಸ್‌ಮನ್‌ಗಳ ಅಕ್ಷರದ ಅಚ್ಚುಕಟ್ಟು ನೋಡಿದವರಿಗೆ ಮರೆಯದು.

ನೂರಾರು ಮೋಟಾರು ಓಡುವ ದೊಡ್ಡ ಕಾರ್ಖಾನೆಗಳಲ್ಲಿ ಇಂದು ಆಟೋಕ್ಯಾಡ್ ಎಲೆಕ್ಟ್ರಿಕಲ್, 1984ರಲ್ಲಿ ಶುರುವಾದ ಜರ್ಮನಿಯ ಇಪ್ಲಾನ್ ಕಂಪನಿಯ ಸಾಫ್ಟ್‌ವೇರ್ ಇಂಥವು ಬಳಕೆಯಲ್ಲಿವೆ. ಪ್ರತಿ ತಂತಿಗೂ ನಂಬರು ಕೊಡುವುದು, ಟರ್ಮಿನಲ್ ಪಟ್ಟಿ ಮಾಡುವುದು, ಸಾಮಾನಿನ ಪಟ್ಟಿ ತೆಗೆಯುವುದು ಎಲ್ಲವೂ ಅವುಗಳ ಕೆಲಸ. ಬೆಲೆ ದುಬಾರಿ. ವಿದ್ಯಾರ್ಥಿಗಳಿಗೆ ಆಟೋಡೆಸ್ಕ್ ಕಂಪನಿ ತನ್ನದನ್ನು ಉಚಿತವಾಗಿ ಕೊಡುತ್ತದೆ, ಆದರೆ ಅದು ಕಲಿಕೆಗೆ ಮಾತ್ರ. ಅದರಲ್ಲಿ ಗಿರಾಕಿಯ ಕೆಲಸ ಮಾಡಿಕೊಡುವಂತಿಲ್ಲ. ಸ್ವಂತ ಅಂಗಡಿ ಇಟ್ಟು ತಿಂಗಳಿಗೆ ಒಂದೆರಡು ಪ್ಯಾನೆಲ್ ಕಟ್ಟುವವರಿಗೆ ನನ್ನ ಸಲಹೆ ನೇರ: ಸಾಲ ಮಾಡಿ ಲೈಸೆನ್ಸ್ ಕೊಳ್ಳಬೇಡಿ, ಕ್ಯೂಎಲೆಕ್ಟ್ರೋಟೆಕ್ ಕಲಿಯಿರಿ.

ನೀಲಿ ಗೆರೆ ಜೀವ ತೆಗೆಯಬಲ್ಲದು, ಗೊತ್ತೇ? ನಮ್ಮಲ್ಲಿ ರೂಢಿಯಾಗಿ ಬಂದದ್ದು ಕೆಂಪು, ಹಳದಿ, ನೀಲಿ ಮೂರು ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಯುರೋಪಿನ ಪದ್ಧತಿಯಲ್ಲಿ ಕಂದು, ಕಪ್ಪು, ಬೂದು ಬಣ್ಣ ಫೇಸಿಗೆ, ನೀಲಿ ನ್ಯೂಟ್ರಲ್‌ಗೆ. ಅಂದರೆ ಅಲ್ಲಿನ ನ್ಯೂಟ್ರಲ್ ಬಣ್ಣ ಇಲ್ಲಿ ಜೀವಂತ ಫೇಸು, ಅಲ್ಲಿನ ಫೇಸಿನ ಕಪ್ಪು ಇಲ್ಲಿ ನ್ಯೂಟ್ರಲ್. ಯುರೋಪಿನಿಂದ ಬಂದ ಸಾಫ್ಟ್‌ವೇರಿನ ಮಾದರಿ ಹಾಳೆ ತೆಗೆದು ಹಾಗೆಯೇ ತುಂಬಿಸಿದರೆ ಈ ಬಣ್ಣಗಳೂ ಜೊತೆಗೆ ಬರುತ್ತವೆ. ಬಣ್ಣ ಬದಲಿಸುವುದಷ್ಟೇ ಸಾಲದು. ಪ್ರತಿ ಗೆರೆಯ ಪಕ್ಕ ಆರ್, ವೈ, ಬಿ, ಎನ್ ಎಂದು ಅಕ್ಷರ ಹಾಕಿ. ಝೆರಾಕ್ಸ್ ಯಂತ್ರಕ್ಕೆ ಬಣ್ಣ ಕಾಣುವುದಿಲ್ಲ.

ಝೆರಾಕ್ಸಿನ ಮಾತು ಬಂತು. ಎರಡು ತಂತಿ ದಾಟಿದ ಜಾಗದಲ್ಲಿ ಚುಕ್ಕೆ ಇದ್ದರೆ ಕೂಡಿದೆ, ಇಲ್ಲದಿದ್ದರೆ ಕೂಡಿಲ್ಲ. ನಾಲ್ಕು ಸಲ ಝೆರಾಕ್ಸ್ ಆದ ಹಾಳೆಯಲ್ಲಿ ಆ ಚುಕ್ಕೆ ಮಾಯವಾಗಿರುತ್ತದೆ, ಇಲ್ಲವೇ ಧೂಳಿನ ಕಲೆ ಚುಕ್ಕೆಯಾಗಿರುತ್ತದೆ. ಅದಕ್ಕೇ ನುರಿತವರು ನಾಲ್ಕು ದಾರಿಯ ಕೂಡು ಬರೆಯುವುದಿಲ್ಲ. ಸ್ವಲ್ಪ ಸರಿಸಿ ಎರಡು ಮೂರು-ದಾರಿಯ ಕೂಡುಗಳಾಗಿ ಬರೆಯುತ್ತಾರೆ. ಆಗ ಚುಕ್ಕೆ ಅಳಿಸಿದರೂ ಅರ್ಥ ಕೆಡದು.

ರೆಸಿಸ್ಟರಿಗೆ ಅಂಕುಡೊಂಕು ಗೆರೆಯೇ, ಆಯತವೇ? ಅಮೆರಿಕದ ರೂಢಿ ಮೊದಲನೆಯದು, ಅಂತರರಾಷ್ಟ್ರೀಯ ಐಇಸಿ 60617ರದ್ದು ಎರಡನೆಯದು. ಕೈಕ್ಯಾಡಿನಲ್ಲಿ ಎರಡೂ ಇವೆ. ಯಾವುದಾದರೂ ಸರಿ, ಒಂದೇ ನಕ್ಷೆಯಲ್ಲಿ ಎರಡನ್ನೂ ಬೆರೆಸಬೇಡಿ.

ಲಂಡನ್ನಿನ ಸುರಂಗ ರೈಲಿನ ಪ್ರಸಿದ್ಧ ನಕ್ಷೆ ಬರೆದ ಹ್ಯಾರಿ ಬೆಕ್ ವಿದ್ಯುತ್ ಡ್ರಾಫ್ಟ್ಸ್‌ಮನ್ ಆಗಿದ್ದವರು. 1933ರಲ್ಲಿ ಅಚ್ಚಾದ ಆ ನಕ್ಷೆಯಲ್ಲಿ ದಾರಿಯ ನಿಜವಾದ ಉದ್ದಕ್ಕೆ ಬೆಲೆ ಇಲ್ಲ, ಯಾವುದಕ್ಕೆ ಯಾವುದು ಸೇರುತ್ತದೆ ಎಂಬುದಷ್ಟೇ ಮುಖ್ಯ. ಸರ್ಕ್ಯೂಟಿನ ನಿಯಮವೂ ಅದೇ.

ಆದರೆ ಆ ನಿಯಮದಲ್ಲೇ ಒಂದು ಅಪಾಯವಿದೆ. ನಕ್ಷೆಯ ಗೆರೆಗೆ ಉದ್ದವಿಲ್ಲ, ರೆಸಿಸ್ಟನ್ಸೂ ಇಲ್ಲ. ನಿಜದ ತಂತಿಗೆ ಎರಡೂ ಇವೆ. ಜೋಯಿಡಾದ ಕಾಡಿನ ನಡುವಿನ ಮನೆಯೊಂದರಲ್ಲಿ 12 ವೋಲ್ಟಿನ ಸೋಲಾರ್ ಬ್ಯಾಟರಿಯಿಂದ 10 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದಿದ್ದಾರೆ ಎಂದುಕೊಳ್ಳಿ. ಇಂಥ ತಂತಿಯ ರೆಸಿಸ್ಟನ್ಸು ಕಿಲೋಮೀಟರಿಗೆ ಸುಮಾರು 12 ಓಮ್. ಹೋಗಿ ಬರುವ 20 ಮೀಟರಿಗೆ 0.24 ಓಮ್. 5 ಆಂಪಿಯರ್ ಹರಿದರೆ 1.2 ವೋಲ್ಟ್ ದಾರಿಯಲ್ಲೇ ಹೋಯಿತು. ಹನ್ನೆರಡರಲ್ಲಿ ಹತ್ತನೆಯ ಒಂದು ಪಾಲು! 230 ವೋಲ್ಟಿನ ಮನೆಯಲ್ಲಿ ಅದೇ 1.2 ವೋಲ್ಟ್ ಲೆಕ್ಕಕ್ಕೇ ಬಾರದು. ದೀಪ ಮಂಕಾಗಿದೆ ಎಂದು ಬ್ಯಾಟರಿ ಬದಲಿಸಿದವರಿದ್ದಾರೆ, ಬದಲಿಸಬೇಕಾದ್ದು ತಂತಿ. ಸಿಮ್ಯುಲೇಟರಿನಲ್ಲಿ ಆ ಗೆರೆಯ ನಡುವೆ 0.24 ಓಮಿನ ರೆಸಿಸ್ಟರ್ ಇಟ್ಟು ನೋಡಿದರೆ ಎರಡು ನಿಮಿಷದಲ್ಲಿ ಸತ್ಯ ಕಾಣುತ್ತದೆ. ಚಿತ್ರ ಬರೆಯುವ ಸಾಫ್ಟ್‌ವೇರ್ ಬೇರೆ, ಲೆಕ್ಕ ಮಾಡಿ ತೋರಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಇಂದಿನ ಬಹುಪಾಲು ಸಿಮ್ಯುಲೇಟರುಗಳು ಒಂದೇ ಮನೆತನದವು. 1973ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ನಾಗೆಲ್, ತಮ್ಮ ಗುರು ಡೊನಾಲ್ಡ್ ಪೆಡರ್ಸನ್ ಅವರ ಮಾರ್ಗದರ್ಶನದಲ್ಲಿ ಸ್ಪೈಸ್ ಎಂಬುದನ್ನು ಹೊರತಂದರು. ಅದನ್ನು ಬಚ್ಚಿಡದೆ ಹಂಚಿದರು. ಎನ್‌ಜಿಸ್ಪೈಸ್, ಪಿಸ್ಪೈಸ್, ಎಲ್‌ಟಿಸ್ಪೈಸ್ ಎಲ್ಲಕ್ಕೂ ಮೂಲ ಅದೇ.

ಮುಂಬೈ ಐಐಟಿಯ ಫಾಸ್ಸೀ ಯೋಜನೆ ಕೈಕ್ಯಾಡ್, ಎನ್‌ಜಿಸ್ಪೈಸ್ ಇವನ್ನು ಒಟ್ಟುಗೂಡಿಸಿ ಇಸಿಮ್ ಎಂಬ ಉಚಿತ ಸಾಫ್ಟ್‌ವೇರ್ ಮಾಡಿದೆ. ಬರೆದದ್ದನ್ನೇ ಓಡಿಸಿ ನೋಡಿ, ಅದರಿಂದಲೇ ಬೋರ್ಡಿನ ವಿನ್ಯಾಸವನ್ನೂ ಮಾಡಬಹುದು. ಅದೇ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಹಲವು ಉಚಿತ ಸಾಫ್ಟ್‌ವೇರುಗಳ ಪಾಠಗಳನ್ನು ಕನ್ನಡದಲ್ಲೂ ಕೊಟ್ಟಿದೆ. ಹಳ್ಳಿಯಿಂದ ಬಂದು ಇಂಗ್ಲಿಷ್ ಪಾಠಕ್ಕೆ ಹೆದರುವ ಮಕ್ಕಳಿಗೆ ಇದನ್ನು ತೋರಿಸಿ.

ಆನೆ ಬೇಲಿಯ ಸರ್ಕ್ಯೂಟನ್ನು ಮೊದಲು ಕಂಪ್ಯೂಟರಿನಲ್ಲೇ ಓಡಿಸಿ ನೋಡಬಹುದು, ಗೊತ್ತೇ? ದಾಂಡೇಲಿ ಕಾಡಿನ ಆನೆಗಳು ಹಳಿಯಾಳ, ಮುಂಡಗೋಡದ ಭತ್ತ, ಕಬ್ಬಿಗೆ ಇಳಿಯುವ ಕಾಲದಲ್ಲಿ ರೈತರ ನಿದ್ದೆ ಹೋಗುತ್ತದೆ. ಸೋಲಾರ್ ಬೇಲಿಯ ಎನರ್ಜೈಸರ್ ಸದಾ ಕರೆಂಟು ಹರಿಸುವುದಿಲ್ಲ. ಸೆಕೆಂಡಿಗೊಮ್ಮೆ ಒಂದು ಕ್ಷಣ ಮಾತ್ರ ಏಟು ಕೊಡುತ್ತದೆ. ಐಇಸಿ 60335-2-76ರ ಪ್ರಕಾರ 500 ಓಮ್ ಲೋಡಿನ ಮೇಲೆ ಒಂದು ಏಟಿನ ಶಕ್ತಿ 5 ಜೂಲ್ ಮೀರಬಾರದು. 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರನ್ನು 600 ವೋಲ್ಟಿಗೆ ತುಂಬಿಸಿದರೆ ಅದರಲ್ಲಿರುವುದು 1.8 ಜೂಲ್. ಈ ಅಂಕಿಗಳನ್ನೆಲ್ಲ ಎಲ್‌ಟಿಸ್ಪೈಸಿನಲ್ಲಿ ಹಾಕಿ ಏಟಿನ ಅಲೆಯನ್ನು ಪರದೆಯ ಮೇಲೆ ನೋಡಬಹುದು. ಕಲಿಯುವುದಕ್ಕೆ ಇದು ಬಹಳ ಒಳ್ಳೆಯ ದಾರಿ. ಆದರೆ ಬೇಲಿಗೆ ಹಾಕುವುದು ಮಾತ್ರ ಮಾನಕಕ್ಕೆ ತಕ್ಕ ಎನರ್ಜೈಸರೇ ಆಗಿರಲಿ. ಮನೆಯ ಮೇನಿನಿಂದ ನೇರವಾಗಿ ತಂತಿ ಎಳೆದು ಬೇಲಿಗೆ ಕಟ್ಟುವುದು ಅಪರಾಧ. ಆನೆಯೂ ಸಾಯುತ್ತದೆ, ಬೆಳಗ್ಗೆ ಗದ್ದೆಗೆ ಬಂದ ಮನುಷ್ಯನೂ ಸಾಯುತ್ತಾನೆ. ಅಂಥ ನಕ್ಷೆಯನ್ನು ಯಾರೂ ಯಾವ ಸಾಫ್ಟ್‌ವೇರಿನಲ್ಲೂ ಬರೆದುಕೊಡಬಾರದು.

ಸ್ಟಾರ್-ಡೆಲ್ಟಾ ಕಲಿಸುವ ಮೇಷ್ಟ್ರಿಗೆ: ಸ್ಪೇನಿನಿಂದ ಬಂದ ಕೇಡ್ ಸಿಮು ಎಂಬ ಉಚಿತ ಪ್ರೋಗ್ರಾಮಿನಲ್ಲಿ ಕಂಟ್ರೋಲ್ ಸರ್ಕ್ಯೂಟ್ ಬರೆದು ಅಲ್ಲೇ ಬಟನ್ ಒತ್ತಬಹುದು. ಕಾಂಟ್ಯಾಕ್ಟರ್ ಎಳೆದುಕೊಳ್ಳುವುದು, ಟೈಮರ್ ಬದಲಾಗುವುದು ಕಣ್ಣೆದುರೇ ಕಾಣುತ್ತದೆ. ಇಂಟರ್‌ಲಾಕ್ ತಪ್ಪಿದರೆ ಇಲ್ಲಿ ಯಾರಿಗೂ ಸುಡುವುದಿಲ್ಲ.

ಮನೆಯ ಪ್ಲಾನಿನ ಮೇಲೆ ಪಾಯಿಂಟು ಗುರುತಿಸುವುದು ಬೇರೆಯದೇ ಕೆಲಸ. ಅಲ್ಲಿ ಅಳತೆ ಮುಖ್ಯ. ಗೋಡೆಯ ಉದ್ದ ಗೊತ್ತಿಲ್ಲದೆ ಪೈಪೂ ತಂತಿಯೂ ಎಷ್ಟು ಬೇಕೆಂದು ಹೇಳಲಾಗದು. ಇಲ್ಲಿ ಆಟೋಕ್ಯಾಡ್, ಅಥವಾ ಉಚಿತವಾದ ಲಿಬ್ರೆಕ್ಯಾಡ್ ಸರಿ. ಹೆಸ್ಕಾಂ ಸಂಪರ್ಕಕ್ಕೆ ಪರವಾನಗಿ ಇರುವ ಗುತ್ತಿಗೆದಾರರ ಸಹಿ ಬೇಕು, ಎಚ್‌ಟಿ ಸಂಪರ್ಕವಾದರೆ ವಿದ್ಯುತ್ ಪರಿವೀಕ್ಷಣಾಲಯ ನಕ್ಷೆಯನ್ನೂ ನೋಡುತ್ತದೆ. ಅವರಿಗೆ ಕೊಡುವ ಪ್ರತಿ ಪಿಡಿಎಫ್ ಇರಲಿ, ನಿಮ್ಮ ಬಳಿ ಮೂಲ ಫೈಲ್ ಉಳಿಯಲಿ. ಹಾಳೆಯ ಮೂಲೆಯ ಚೌಕದಲ್ಲಿ ವಿಳಾಸ, ತಾರೀಕು, ತಿದ್ದುಪಡಿಯ ಸಂಖ್ಯೆ ತಪ್ಪದೆ ಇರಲಿ. ವಿಳಾಸವೂ ಬದಲಾಗುತ್ತದೆ: ದಾಂಡೇಲಿ ಹಿಂದೆ ಹಳಿಯಾಳ ತಾಲ್ಲೂಕಿನಲ್ಲಿತ್ತು, ಈಗ ತಾನೇ ತಾಲ್ಲೂಕು; ಜೋಯಿಡಾಕ್ಕೆ ಮೊದಲು ಸೂಪಾ ತಾಲ್ಲೂಕೆಂದೇ ಹೆಸರು. ಆ ಚೌಕವನ್ನು ಮಾದರಿಯಾಗಿ ಉಳಿಸಿಕೊಂಡರೆ ವಿಳಾಸವನ್ನು ಒಂದು ಕಡೆ ತಿದ್ದಿದರೆ ಸಾಕು, ಪ್ರತಿ ಹಾಳೆಗೂ ಕೈಹಾಕಬೇಕಿಲ್ಲ.

ಕನ್ನಡದಲ್ಲಿ ಹೆಸರು ಬರೆಯಬಹುದೇ? ಬರೆಯಬಹುದು, ಬರೆಯಲೇಬೇಕು. ರಾತ್ರಿ ಎಂಸಿಬಿ ಬಿದ್ದಾಗ ಬೋರ್ಡಿನ ಮುಂದೆ ಟಾರ್ಚು ಹಿಡಿದು ನಿಲ್ಲುವವರು ಎಂಜಿನಿಯರಲ್ಲ, ಮನೆಯ ಅಜ್ಜಿ. ಆಟೋಕ್ಯಾಡಿನ ಹಳೆಯ ಎಸ್‌ಎಚ್‌ಎಕ್ಸ್ ಫಾಂಟಿನಲ್ಲಿ ಕನ್ನಡ ಇಲ್ಲ, ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ತುಂಗಾ ಅಥವಾ ನಿರ್ಮಲಾ ಫಾಂಟ್ ಆರಿಸಿಕೊಳ್ಳಿ. ಕೈಕ್ಯಾಡಿನಲ್ಲಿ ಕಂಪ್ಯೂಟರಿನ ಫಾಂಟ್ ಬಳಸುವ ಸೌಲಭ್ಯ ಬಂದದ್ದು 2023ರ 7ನೇ ಆವೃತ್ತಿಯಿಂದ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಇನ್ನೊಂದು ಕಂಪ್ಯೂಟರಿನಲ್ಲಿ ಗೋಜಲಾಗುತ್ತದೆ, ಯೂನಿಕೋಡ್‌ನಲ್ಲೇ ಬರೆಯಿರಿ. ಯೂನಿಕೋಡ್‌ನಲ್ಲಿ ಕನ್ನಡವೂ ಇದೆ, ಟಿಬೆಟನ್ ಲಿಪಿಯೂ ಇದೆ. 1966ರಿಂದ ಟಿಬೆಟನ್ನರು ನೆಲೆಸಿರುವ ಮುಂಡಗೋಡದ ಕ್ಯಾಂಪುಗಳ ಬೋರ್ಡಿಗೆ ಎರಡೂ ಲಿಪಿಯಲ್ಲಿ ಒಂದೇ ಚೀಟಿ ಮಾಡಬಹುದು.

ಈಗಲ್ ಎಂಬ ಸಾಫ್ಟ್‌ವೇರಿನ ಕಥೆ ಕೇಳಿದ್ದೀರಾ? 1988ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಪ್ರಪಂಚದ ಹವ್ಯಾಸಿಗಳ ಅಚ್ಚುಮೆಚ್ಚಿನದಾಗಿ, 2016ರಲ್ಲಿ ಆಟೋಡೆಸ್ಕ್ ಕೈಸೇರಿತು. 2026ರ ಜೂನ್ 7ಕ್ಕೆ ನಿಲ್ಲಿಸುವುದಾಗಿ ಕಂಪನಿ 2023ರಲ್ಲಿ ಪ್ರಕಟಿಸಿತು. ಅದರ ಫೈಲುಗಳನ್ನು ಕೈಕ್ಯಾಡ್ ತೆರೆಯಬಲ್ಲದು, ಅದೊಂದು ಸಮಾಧಾನ. ಪಂಪ್‌ಸೆಟ್ಟಿನ ಪ್ಯಾನೆಲ್ ಇಪ್ಪತ್ತು ವರ್ಷ ಬಾಳುತ್ತದೆ. ಅದರ ನಕ್ಷೆಯ ಫೈಲೂ ಅಷ್ಟು ಕಾಲ ತೆರೆಯುವಂತಿರಬೇಕು. ಕೈಕ್ಯಾಡ್ ಮತ್ತು ಕ್ಯೂಎಲೆಕ್ಟ್ರೋಟೆಕ್ ಫೈಲುಗಳು ಬರಿಯ ಅಕ್ಷರಗಳಲ್ಲಿವೆ. ನೋಟ್‌ಪ್ಯಾಡಿನಲ್ಲಿ ತೆರೆದರೂ ಓದಬಹುದು. ನಾನು ಈ ಎರಡರ ಪರವಾಗಿ ಇಷ್ಟು ಒತ್ತಿ ಹೇಳುವುದಕ್ಕೆ ದೊಡ್ಡ ಕಾರಣ ಇದೇ.

ಬ್ರೌಸರಿನಲ್ಲೇ ನಡೆಯುವ ಟಿಂಕರ್‌ಕ್ಯಾಡ್, ಪೌಲ್ ಫಾಲ್‌ಸ್ಟಾಡರ ಸರ್ಕ್ಯೂಟ್ ಸಿಮ್ಯುಲೇಟರ್ ಶಾಲಾ ಮಕ್ಕಳಿಗೆ ಚೆನ್ನ. ಫಾಲ್‌ಸ್ಟಾಡರದ್ದನ್ನು ಇಳಿಸಿಕೊಂಡು ನೆಟ್ ಇಲ್ಲದೆಯೂ ಓಡಿಸಬಹುದು. ನೆಟ್‌ವರ್ಕ್ ಹುಡುಕುತ್ತಾ ಗುಡ್ಡ ಹತ್ತುವ ಜೋಯಿಡಾದ ಊರುಗಳಿಗೆ ಇದು ಸಣ್ಣ ವಿಷಯವಲ್ಲ.

ಕೊನೆಗೊಂದು, ಅಲ್ಲಿಯವರಿಗೇ: ಕೈಕ್ಯಾಡ್ ಇಳಿಸಲು ಒಂದು ಜಿಬಿಗೂ ಹೆಚ್ಚು ಡೇಟಾ ಬೇಕು. ದಾಂಡೇಲಿಗೋ ಹಳಿಯಾಳಕ್ಕೋ ಹೋದಾಗ ಪೆನ್‌ಡ್ರೈವಿಗೆ ತುಂಬಿಸಿಕೊಂಡು ಬಂದು ಊರಿನ ನಾಲ್ಕು ಮಂದಿಗೆ ಹಂಚಿ. ಲೈಸೆನ್ಸು ಅದಕ್ಕೆ ಅನುಮತಿ ಕೊಡುತ್ತದೆ. ಕ್ಯೂಎಲೆಕ್ಟ್ರೋಟೆಕ್ ಅದಕ್ಕಿಂತ ಎಷ್ಟೋ ಚಿಕ್ಕದು. ಅದರ ಒಂದು ಪ್ರತಿಯನ್ನು ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡಿಸಬಹುದಾದ್ದರಿಂದ ಪಂಚಾಯಿತಿಯದೋ ಕಾಲೇಜಿನದೋ ಕಂಪ್ಯೂಟರಿನ ಪಾಸ್‌ವರ್ಡ್ ಯಾರನ್ನೂ ಕೇಳಬೇಕಿಲ್ಲ.